ಅಂಗೈಯಲ್ಲಿ ಬೆಳಕು ಅಳೆಯುತ್ತಿದ್ದವರು

ಬೆಳಿಗ್ಗೆ ಏಳೂವರೆಗೆ ಠಾಣೆಯಿಂದ ಫೋನ್ ಬಂದಾಗ ನಾನು ಕೆಲಸದವರ ಹಾಜರಿ ಕರೆಯುತ್ತಿದ್ದೆ. ಆಲ್ದೂರಿನಿಂದ ಒಳಗಿರುವ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ರೈಟರ್. ಹಾಜರಿ ಬರೆಯುವುದು, ಕೆಲಸ ಹಂಚುವುದು, ಉಳಿದ ಹೊತ್ತು ಕೂಗಾಡುವುದು ನನ್ನ ಉದ್ಯೋಗ.

"ರೈಟ್ರೇ, ಆನೆ ತುಳಿದು ಒಬ್ರು ಹೋಗಿದಾರೆ. ಮಹಜರಿಗೆ ಫೋಟೋ ಬೇಕು, ನಿಮ್ಮ ಕ್ಯಾಮೆರಾ ತಗೊಂಡು ಬನ್ನಿ" ಅಂದರು ಪೇದೆ.

"ಅದಕ್ಕೆ ಯಾವಾಗ್ಲೂ ಸ್ಟುಡಿಯೋದವ್ರು ಬರ್ತಾರಲ್ಲ?" ಅಂದೆ.

"ಅವ್ರೇ ಹೋಗಿರೋದು" ಅಂದರು.

ಮುಂಜಾನೆಯ ಮಂಜಿನಲ್ಲಿ ಅವರು ಯಾವುದೋ ಮದುವೆಗೆ ಹೊರಟಿದ್ದರಂತೆ. ತಿರುವಿನಲ್ಲಿ ಒಂಟಿ ಆನೆ ರಸ್ತೆ ದಾಟುತ್ತಿತ್ತು. ನಾನು ಹೋದಾಗ ಸ್ಕೂಟರ್ ಹಳೆಯ ಡಬ್ಬದ ಹಾಗೆ ಜಜ್ಜಿಹೋಗಿ ಚರಂಡಿಯಲ್ಲಿ ಬಿದ್ದಿತ್ತು. ಅವರನ್ನು ಆನೆ ಕಾಫಿ ಗಿಡಗಳ ಸಾಲಿನೊಳಗೆ ಎಳೆದು ಹಾಕಿ ತುಳಿದಿತ್ತು. ಎದೆಗೂಡು ಒಳಕ್ಕೆ ಕುಸಿದಿತ್ತು. ಒಂದು ಕಾಲು ತಿರುಗಬಾರದ ಕಡೆಗೆ ತಿರುಗಿತ್ತು. ತರಗೆಲೆಯ ಮೇಲೆ ರಕ್ತ ಕಪ್ಪಾಗಿ ಒಣಗತೊಡಗಿತ್ತು. ಮುಖಕ್ಕೆ ಮಾತ್ರ ಒಂದು ಗೀರೂ ಆಗಿರಲಿಲ್ಲ.

ನಾನು ಮಂಡಿಯೂರಿ, ಅವರೇ ಕಲಿಸಿದ ಹಾಗೆ, ನನ್ನ ಅಂಗೈಯನ್ನು ಅವರ ಮುಖದ ಪಕ್ಕ ಹಿಡಿದು ಬೆಳಕು ಅಳೆದೆ. "ಹೆಣದ ಫೋಟೋ ತೆಗೆಯೋದು ಸುಲಭ ಮಾರಾಯ, ಕಣ್ಣು ಮಿಟುಕ್ಸಲ್ಲ" ಎಂದು ಹೇಳುತ್ತಿದ್ದವರು ಅವರೇ. ಸುಲಭವಾಗಿರಲಿಲ್ಲ. ಮೊದಲಿನ ಎರಡು ಫೋಟೋ ಕಲಸಿಹೋದವು. ಬದುಕಿದ್ದರೆ ನನ್ನ ವಂಶವನ್ನೆಲ್ಲ ಎಳೆದು ಬೈಯುತ್ತಿದ್ದರು.

ಅವರ ಹೆಸರು ಬರೆಯುವುದಿಲ್ಲ. ಸುತ್ತಿನ ಹತ್ತು ಊರಿನವರು ಅವರನ್ನು ಸ್ಟುಡಿಯೋದವರು ಎಂದೇ ಕರೆಯುತ್ತಿದ್ದರು. ನಾಮಕರಣ, ಮದುವೆ, ಗೃಹಪ್ರವೇಶ ಎಲ್ಲಕ್ಕೂ ಅವರೇ. ನೇಣು ಹಾಕಿಕೊಂಡವರಿಗೆ, ಔಷಧಿ ಕುಡಿದವರಿಗೆ, ಲಾರಿಗೆ ಸಿಕ್ಕಿದವರಿಗೆ, ಕೆರೆಯಿಂದ ತೆಗೆದವರಿಗೆ ಕೂಡ ಅವರೇ. ಬೆಳಿಗ್ಗೆ ಧಾರೆ ಎರೆಯುವುದನ್ನು ತೆಗೆದು, ಮಧ್ಯಾಹ್ನ ಅದೇ ಬಿಳಿ ಶರಟಿನಲ್ಲಿ ಶವಾಗಾರಕ್ಕೆ ಹೋದ ದಿನಗಳಿದ್ದವು. ಊಟಕ್ಕೆ ಕೂತರೆ ಪಕ್ಕದವರು ಸ್ವಲ್ಪ ಸರಿದು ಕೂರುತ್ತಿದ್ದರು. ಅವರು ಬೇಕೆಂದೇ ಇನ್ನಷ್ಟು ಹತ್ತಿರ ಹೋಗಿ ಕೂರುತ್ತಿದ್ದರು.

ಸಿಟ್ಟು ಅವರ ಮೂಗಿನ ತುದಿಯಲ್ಲಿರಲಿಲ್ಲ, ಇಡೀ ಮೈಯಲ್ಲಿತ್ತು. ಒಂದು ಮದುವೆಯಲ್ಲಿ ಮದುಮಗಳ ಸೆರಗು ಸರಿಪಡಿಸಲು ಹೇಳಿದಾಗ ಅವಳ ತೋಳಿನ ಮೇಲೆ ನಾಲ್ಕು ಬೆರಳಿನ ನೀಲಿ ಗುರುತು ಕಂಡಿತು. ಇವರು ಕ್ಯಾಮೆರಾ ಕೆಳಗಿಟ್ಟರು. ಮದುಮಗನ ಬಳಿ ಹೋಗಿ ಅವನ ಬಲಗೈ ಹಿಡಿದೆತ್ತಿ ಬೆರಳುಗಳ ಅಗಲ ನೋಡಿದರು. ಆಮೇಲೆ ಲೈಟ್ ಸ್ಟ್ಯಾಂಡ್ ತೆಗೆದು ಅವನ ಭುಜಕ್ಕೆ ಬಾರಿಸಿಯೇಬಿಟ್ಟರು. ಗಂಡಿನ ಕಡೆಯವರು ಛತ್ರದ ಹಿಂದೆ ಎಳೆದುಕೊಂಡು ಹೋಗಿ ಇವರ ಎರಡು ಹಲ್ಲು ಉದುರಿಸಿದರು. ಮದುವೆಯೇನೂ ನಿಲ್ಲಲಿಲ್ಲ. ಮಾರನೇ ದಿನ ಊದಿದ ಬಾಯಲ್ಲಿ ನನಗೆ ಹೇಳಿದ್ದು ಇಷ್ಟು: "ಮಾಂಗಲ್ಯಧಾರಣೆ ತನಕ ತೆಗ್ದಿದ್ದೆ. ಎಕ್ಸ್‌ಪೋಶರ್ ಎಲ್ಲಾ ಸರಿ ಉಂಟು."

ನಾನು ಅವರ ಬಳಿ ಹೋದದ್ದು ನನ್ನ ಮಕ್ಕಳ ಫೋಟೋಗಾಗಿ. ನಮ್ಮ ಮಾಲೀಕರ ಮನೆಯಲ್ಲಿ ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿದು ಮೂಲೆಗೆ ಬಿದ್ದಿದ್ದ ಒಂದು ಕ್ಯಾಮೆರಾ ಇತ್ತು. "ರೈಟ್ರೇ, ಮಕ್ಕಳ ಫೋಟೋ ತೆಗೀರಿ" ಎಂದು ಕೊಟ್ಟುಬಿಟ್ಟರು. ಅದರ ಮೇಲಿನ ತಿರುಗುಬಿಲ್ಲೆ ಬೆಳಕನ್ನು ನಾವೇ ಹೊಂದಿಸಬೇಕಾದ ಮ್ಯಾನುಯಲ್ ಎಂಬ ಜಾಗದಲ್ಲಿ ತುಕ್ಕು ಹಿಡಿದು ಕೂತಿತ್ತು, ಆಟೋ ಕಡೆಗೆ ತಿರುಗಲೊಲ್ಲದು. ಹಾಗಾಗಿ ನಾನು ತೆಗೆದ ಫೋಟೋಗಳಲ್ಲಿ ನನ್ನ ಮಕ್ಕಳು ಒಂದೋ ಇದ್ದಿಲಿನ ತುಂಡುಗಳಾಗಿದ್ದರು, ಇಲ್ಲವೇ ಸುಣ್ಣ ಹೊಡೆದ ಗೋಡೆಗಳಾಗಿದ್ದರು. ಮಗನಿಗೆ ಆಗ ಒಂಬತ್ತು ವರ್ಷ, ಮಗಳಿಗೆ ನಾಲ್ಕು.

"ಇದನ್ನ ಆಟೋಗೆ ತಿರುಗ್ಸಿ ಕೊಡಿ" ಎಂದು ಅವರ ಮೇಜಿನ ಮೇಲಿಟ್ಟೆ. ಅವರು ಬಿಲ್ಲೆಯನ್ನು ಒಮ್ಮೆ ಅಲ್ಲಾಡಿಸಿ ನೋಡಿದರು. ನಗು ಬಂತು ಅವರಿಗೆ.

"ತಿರುಗ್ಸಕ್ಕೆ ಬರುತ್ತೆ. ತಿರುಗ್ಸಲ್ಲ. ಸ್ವಂತ ಮಕ್ಕಳ ಮುಖದ ಮೇಲೆ ಎಷ್ಟು ಬೆಳಕು ಬೀಳ್ತಿದೆ ಅಂತ ಮಿಶನ್ ಹೇಳ್ಬೇಕಾ ನಿಮಗೆ? ಭಾನುವಾರ ಬನ್ನಿ."

ಹೀಗೆ ಮೂವತ್ತೆಂಟನೇ ವಯಸ್ಸಿನಲ್ಲಿ ನಾನು ಮತ್ತೆ ಶಾಲೆಗೆ ಸೇರಿದೆ. ಬಸ್ ನಿಲ್ದಾಣದ ಪಕ್ಕದ ಆ ಸ್ಟುಡಿಯೋದಲ್ಲಿ ಒಂದು ಬೀರು. ಅದರೊಳಗೆ ಹಗಲೂ ಇರುಳೂ ಉರಿಯುವ ಸಣ್ಣ ಬಲ್ಬು. ಆ ಬಿಸುಪಿನಲ್ಲಿ ಕ್ಯಾಮೆರಾಗಳು ಬಾಣಂತಿಯರ ಹಾಗೆ ಬೆಚ್ಚಗೆ ಕೂತಿರುತ್ತಿದ್ದವು. ಹೊರಗಿನ ಗಾಜಿನಲ್ಲಿ ಒಬ್ಬ ಹುಡುಗಿಯ ದೊಡ್ಡ ಫೋಟೋ. ಹುಡುಗಿಗೆ ಆರೇಳು ವರ್ಷವಿರಬೇಕು. ಮುಖವನ್ನು ಸ್ವಲ್ಪ ಎಡಕ್ಕೆ ತಿರುಗಿಸಿ, ಬಲಗಿವಿಯನ್ನು ಮುಂದೆ ಮಾಡಿ, ಏನನ್ನೋ ಆಲಿಸುವವಳಂತೆ ನಿಂತಿದ್ದಳು. ನಮ್ಮ ಕಡೆ ಆ ಭಂಗಿ ಬಹಳ ಹೆಸರುವಾಸಿ. ಮಕ್ಕಳನ್ನು ಕರೆತಂದ ತಾಯಂದಿರೆಲ್ಲ "ಆ ಹುಡುಗಿ ಹಾಗೇ ನಿಲ್ಸಿ ತೆಗೀರಿ" ಅನ್ನುತ್ತಿದ್ದರು. ನನ್ನ ಹೆಂಡತಿಯ ತವರಿನ ಗೋಡೆಯಲ್ಲೂ ಅವಳ ಬಾಲ್ಯದ ಫೋಟೋ ಅದೇ ಭಂಗಿಯಲ್ಲಿದೆ.

ಪಾಠ ಹೇಳುವಾಗ ಅವರ ಕೈಯಲ್ಲಿ ಸ್ಟೀಲ್ ಸ್ಕೇಲ್ ಇರುತ್ತಿತ್ತು. ಬೆಳಕು ನೋಡುವ ಮೊದಲೇ ನನ್ನ ಬೆರಳು ಗುಂಡಿಯ ಮೇಲೆ ಹೋದರೆ ಗೆಣ್ಣಿನ ಮೇಲೆ ಫಟ್ ಎಂದು ಬೀಳುತ್ತಿತ್ತು. ಹಳೆಯ ಗಾಯಗಳಿಗೆ ಹೊಸ ಗಾಯ ಸೇರಿ ಹಾಜರಿ ಬರೆಯಲು ಪೆನ್ನು ಹಿಡಿಯುವುದೇ ಕಷ್ಟವಾಗಿತ್ತು. ಆದರೂ ಹೋಗುತ್ತಿದ್ದೆ. ಮರಗಸಿ ಮಾಡಿ ನೆರಳುಮರದ ಕೊಂಬೆ ಇಳಿಸಿದ ಮೇಲೆ ತೋಟದೊಳಗೆ ಒಂದು ಸ್ಟಾಪ್ ಬೆಳಕು ಜಾಸ್ತಿಯಾಗುತ್ತದೆ, ಅಂದರೆ ಎರಡರಷ್ಟಾಗುತ್ತದೆ ಎಂದು ಅವರು ಹೇಳಿದಾಗ ನಾನು ದಂಗಾಗಿದ್ದೆ. ಹದಿನೈದು ವರ್ಷ ಮರಗಸಿ ಮಾಡಿಸಿದವನು ನಾನು. ಬಿದ್ದ ಕೊಂಬೆಗಳನ್ನು ನೋಡಿದ್ದೆ, ಬಿದ್ದ ಬೆಳಕನ್ನು ನೋಡಿರಲಿಲ್ಲ.

ಅವರ ಮುಖ್ಯ ಪಾಠ ಅಂಗೈಯದು.

"ಮುಖ ನಂಬ್ಬೇಡ. ಒಬ್ರು ಕಪ್ಪು, ಒಬ್ರು ಬಿಳಿ, ಮಿಶನ್ನಿಗೆ ತಲೆ ಕೆಡುತ್ತೆ. ಅಂಗೈ ಮಾತ್ರ ಎಲ್ಲರದ್ದೂ ಹೆಚ್ಚುಕಮ್ಮಿ ಒಂದೇ ಬಣ್ಣ. ನಿಮ್ಮ ಮಾಲೀಕರದ್ದೂ ಅದೇ, ಹಣ್ಣು ಕುಯ್ಯೋರದ್ದೂ ಅದೇ. ಮಗು ಮುಖದ ಪಕ್ಕ ನಿನ್ನ ಅಂಗೈ ಹಿಡಿ. ಅದಕ್ಕೆ ಅಳತೆ ನೋಡಿ, ಕ್ಯಾಮೆರಾ ಒಳಗಿನ ಬೆಳಕಿನ ಮುಳ್ಳು ಮಧ್ಯಕ್ಕೆ ತಾ. ಆಮೇಲೆ ಒಂದು ಸ್ಟಾಪ್ ಜಾಸ್ತಿ ಬಿಡು. ಕೈ ತೆಗಿ. ಹೊಡಿ."

ಫೋಟೋ ತೆಗೆಯುವುದಕ್ಕೆ ಅವರು ಹೊಡಿ ಅನ್ನುತ್ತಿದ್ದರು. ನಮ್ಮ ಕಡೆ ಎಲ್ಲರೂ ಹಾಗೇ ಅನ್ನುವುದು.

ನಾನು ಮನೆಯಂಗಳದಲ್ಲಿ, ಕಾಫಿ ಒಣಗಿಸುವ ಕಣದಲ್ಲಿ, ಗಿಡಗಳ ನಡುವೆ ಮಕ್ಕಳನ್ನು ನಿಲ್ಲಿಸಿ ಅಭ್ಯಾಸ ಮಾಡಿದೆ. ಕೆಲವು ತಿಂಗಳಲ್ಲಿ ಕೈ ಕುದುರಿತು. ಮಗನ ಗಲ್ಲದ ಕಂದುಬಣ್ಣ ಇದ್ದ ಹಾಗೆಯೇ ಬಂದ ದಿನ ನನಗೆ ಅಳು ಬಂತು, ಸುಳ್ಳು ಹೇಳುವುದಿಲ್ಲ. ಒಳ್ಳೆಯವು ಇಪ್ಪತ್ತು ಆರಿಸಿ, ಪ್ರಿಂಟ್ ಹಾಕಿಸಿ, ಭಾನುವಾರ ಅವರ ಮೇಜಿನ ಮೇಲೆ ಹರಡಿದೆ. ಭೇಷ್ ಅನ್ನುತ್ತಾರೆ ಎಂದು ಕಾದೆ.

ಅವರು ಭೂತಗನ್ನಡಿ ತೆಗೆದುಕೊಂಡು ಒಂದೊಂದನ್ನೇ, ಮಹಜರಿನ ಫೋಟೋ ನೋಡುವ ಹಾಗೆ ನೋಡಿದರು. ಮಗನವು ಒಂದು ಸಾಲು, ಮಗಳವು ಇನ್ನೊಂದು ಸಾಲು ಮಾಡಿದರು.

"ಹುಡುಗ ಯಾಕೆ ಹೀಗೆ ನಿಲ್ತಾನೆ?"

"ಹೇಗೆ?"

"ಕಣ್ಣು ಕಿರಿದು. ಎಡ ಭುಜ ಕಿವಿ ಹತ್ರ. ಎಲ್ಲದ್ರಲ್ಲೂ."

"ಬಿಸಿಲು ಕಣ್ಣಿಗೆ ಹೊಡೀತಿತ್ತು" ಅಂದೆ.

"ಬಿಸಿಲು ಅವನ ಹಿಂದಿನಿಂದ ಬಂದಿದೆ ರೈಟ್ರೇ. ಕೂದಲಂಚು ನೋಡಿ, ಹೊಳೀತಿದೆ. ಇಷ್ಟೂ ತಿಂಗಳು ನಿಮಗೆ ಕಲ್ಸಿದ್ದು ಅದನ್ನೇ."

ನಾನು ಫೋಟೋಗಳನ್ನು ಎತ್ತಿಕೊಳ್ಳಲು ಬಲಗೈ ಚಾಚಿದೆ. ಅವರು ಬಿಡಲಿಲ್ಲ.

"ನೀವು ಬಲಗೈಯವ್ರು. ಎದುರಿಗೆ ನಿಂತವನಿಗೆ ನಿಮ್ಮ ಏಟು ಎಡ ಕೆನ್ನೆಗೆ ಬೀಳುತ್ತೆ. ಅದಕ್ಕೆ ಅಂಗೈ ಎತ್ತಿದ ಕೂಡ್ಲೆ ಎಡ ಭುಜ ಮೇಲೆ ಬರುತ್ತೆ. ನೀವು ಕೈ ತೆಗ್ದು ಫೋಟೋ ಹೊಡೆಯೋ ತನಕ ಅದು ಕೆಳಗಿಳಿಯಲ್ಲ. ಏಟು ಯಾವ ಕಡೆಯಿಂದ ಬಂದಿದೆ ಅಂತ ಹೇಳಕ್ಕೇ ಪೊಲೀಸ್ನವ್ರು ನನ್ನ ಕರೆಯೋದು."

ಆಮೇಲೆ ಮಗಳ ಸಾಲಿನ ಮೇಲೆ ಬೆರಳಿಟ್ಟರು. ಅವಳು ಎಲ್ಲ ಫೋಟೋದಲ್ಲೂ ಬಾಯಿ ತೆರೆದು ನಗುತ್ತಿದ್ದಳು.

"ಇವಳಿಗೆ ಇನ್ನೂ ಶುರು ಮಾಡಿಲ್ಲ ನೀವು. ಭುಜ ಸಮ ಇದೆ."

ನನಗೆ ಮೈಯೆಲ್ಲ ಉರಿದುಹೋಯಿತು. ನಿಜ, ಹೊಡೆಯುತ್ತಿದ್ದೆ. ಲೆಕ್ಕ ತಪ್ಪಿದರೆ, ಹಾಲು ಚೆಲ್ಲಿದರೆ, ತೋಟದಲ್ಲಿ ಯಾರ ಮೇಲೋ ಬಂದ ಸಿಟ್ಟು ಉಳಿದಿದ್ದರೆ. ಬೆಲ್ಟಿನಲ್ಲೂ ಹೊಡೆದಿದ್ದೇನೆ. ಒಮ್ಮೆ ತಳ್ಳಿದ ರಭಸಕ್ಕೆ ಬಾಗಿಲ ಚಿಲಕ ತಾಗಿ ಅವನ ಹುಬ್ಬು ಒಡೆದಿತ್ತು. ಆಸ್ಪತ್ರೆಯಲ್ಲಿ ಬಿದ್ದ ಅಂದಿದ್ದೆ, ಅವನೂ ಬಿದ್ದೆ ಅಂದಿದ್ದ. ನನ್ನಪ್ಪ ನನಗೆ ಹೊಡೆದದ್ದಕ್ಕೇ ನಾನು ದಾರಿಗೆ ಬಂದೆ ಎಂದು ನಾಲ್ಕು ಜನರೆದುರು ಹೇಳಿಕೊಳ್ಳುತ್ತಿದ್ದವನು ನಾನು.

"ನೀವು ನನಗೆ ಸ್ಕೇಲಲ್ಲಿ ಹೊಡೀತೀರಲ್ಲ, ಅದೆಂಥದು?" ಅಂದೆ. ಗೆದ್ದೆ ಅಂದುಕೊಂಡೆ.

ಅವರು ಕೈಯಲ್ಲಿದ್ದ ಸ್ಕೇಲನ್ನು ನೋಡಿದರು. ಎದ್ದು ಹೋಗಿ ಕಿಟಕಿಯಿಂದ ಹೊರಗಿನ ಚರಂಡಿಗೆ ಎಸೆದು ಬಂದರು. ನನ್ನನ್ನು ರಟ್ಟೆ ಹಿಡಿದು ಎಳೆದುಕೊಂಡು ಹೋಗಿ ಗಾಜಿನಲ್ಲಿದ್ದ ಆ ಹುಡುಗಿಯ ಫೋಟೋದೆದುರು ನಿಲ್ಲಿಸಿದರು.

"ಇವಳು ನನ್ನ ಮಗಳು. ಆರು ವರ್ಷ ಆಗ. ಈ ಭಂಗಿ ನಾನು ಹೇಳ್ಕೊಟ್ಟಿದ್ದಲ್ಲ. ಇವಳೇ ಹೀಗೆ ನಿಂತಿದ್ದು. ಚೆಂದ ಉಂಟಲ್ಲ ಅಂತ ಹೊಡ್ದೆ, ದೊಡ್ಡದು ಮಾಡಿ ಗಾಜಿಗೆ ಹಾಕ್ದೆ. ಊರಿಗೂರೇ ಬಂದು ಇದೇ ಥರ ಬೇಕು ಅಂತು. ನಾನೂ ಎಷ್ಟೋ ಮಕ್ಕಳ ಗದ್ದ ಹಿಡ್ದು ತಿರುಗ್ಸಿ ತಿರುಗ್ಸಿ ನಿಲ್ಸಿದೆ. ಎರಡು ವರ್ಷ ಆದ್ಮೇಲೆ ಶಾಲೆಗೆ ಡಾಕ್ಟ್ರು ಬಂದಿದ್ರು. ಮಗುಗೆ ಎಡಗಿವಿ ಕೇಳಲ್ಲ, ತಮಟೆ ಹರಿದಿದೆ, ಏಟು ಬಿದ್ದಿದೆ ಅಂದ್ರು. ನನ್ನ ಏಟೇ. ನಾನು ಹೇಳೋದು ಕೇಳ್ಲಿಲ್ಲ ಅಂದ್ರೆ ಮತ್ತೆ ಬೀಳುತ್ತೆ ಅಂತ, ಕೇಳೋ ಕಿವೀನ ನನ್ನ ಕಡೆ ತಿರುಗ್ಸಿ ನಿಲ್ತಿತ್ತು ಮಗು."

ಬಸ್ಸೊಂದು ಬಂದು ನಿಂತು, ಜನ ಇಳಿದು, ಬಸ್ಸು ಹೋಯಿತು. ಅವರು ಗಾಜನ್ನು ಅಂಗಿಯ ತುದಿಯಿಂದ ಒರೆಸಿದರು.

"ಇದನ್ನ ಯಾಕೆ ಇನ್ನೂ ಇಲ್ಲಿಟ್ಟಿದೀರಿ?" ಅಂದೆ.

"ನಾನು ದಿನಾ ಬಾಗಿಲು ತೆಗೆಯುವಾಗ ನೋಡ್ಬೇಕಲ್ಲ."

ಮಗಳು ಮದುವೆಯಾಗಿ ಕಳಸದಲ್ಲಿದ್ದಾಳೆ ಎಂದರು. ಬರುವುದಿಲ್ಲ. ಬರಬೇಕು ಎಂದು ಕೇಳುವ ಮುಖ ತನಗಿಲ್ಲ ಎಂದರು. ನಾನು ನನ್ನ ಇಪ್ಪತ್ತು ಫೋಟೋ ಬಾಚಿಕೊಂಡು ಮನೆಗೆ ಬಂದೆ. ನನ್ನ ಹೆಂಡತಿಯ ತವರಿನ ಗೋಡೆಯ ಮೇಲಿನ ಆ ಫೋಟೋ ನೆನಪಾಯಿತು.

ಇಷ್ಟು ಕೇಳಿದ ಮೇಲೆ ನಾನು ಬದಲಾದೆ ಎಂದು ಬರೆದರೆ ಓದುವವರಿಗೆ ಹಿತವಾಗಿರುತ್ತದೆ. ಆಗಲಿಲ್ಲ. ಮೂರು ವಾರ ತಡೆದುಕೊಂಡೆ. ನಾಲ್ಕನೇ ವಾರ ಲೆನ್ಸ್ ಬೀಳಿಸಿದ ಎಂದು ಮಗನಿಗೆ ಕಣದಲ್ಲೇ, ಕೆಲಸದವರೆದುರು, ಎರಡು ಬಾರಿಸಿದೆ. ಹೊಡೆದದ್ದಕ್ಕಿಂತ ಹೆಚ್ಚಾಗಿ ಎಡ ಭುಜ ಮೇಲೆ ಬಂದದ್ದು ನನಗೆ ಕಂಡಿತು. ಅದಕ್ಕೂ ಸಿಟ್ಟು ಬಂದು ಮೂರನೆಯದನ್ನೂ ಹೊಡೆದೆ.

ನನ್ನನ್ನು ನಿಲ್ಲಿಸಿದ್ದು ಮಗಳು. ಒಂದು ಮಧ್ಯಾಹ್ನ ಅವಳು ಆಟವಾಡುತ್ತಾ ಚೊಂಬಿನ ನೀರನ್ನು ಬಿಚ್ಚಿಟ್ಟಿದ್ದ ಕ್ಯಾಮೆರಾದ ಮೇಲೆ ಸುರಿದಳು. ನಾನು ಹಲ್ಲು ಕಚ್ಚಿಕೊಂಡು ಎದ್ದು ಕೈ ಎತ್ತಿದೆ. ಅವಳ ಮುಖದಿಂದ ಒಂದು ಗೇಣು ದೂರದಲ್ಲಿ ನನ್ನ ಅಂಗೈ. ಬಾಗಿಲ ಬಳಿ ಇದ್ದ ಮಗ ಕಣ್ಣು ಮುಚ್ಚಿಕೊಂಡ. ಮಗಳು ಮಾತ್ರ ತಟ್ಟನೆ ನೆಟ್ಟಗೆ ನಿಂತಳು, ಫ್ರಾಕು ಸರಿಮಾಡಿಕೊಂಡಳು, ಬಾಯ್ತುಂಬಾ ನಕ್ಕಳು. ಅಪ್ಪ ಬೆಳಕು ಅಳೆಯುತ್ತಿದ್ದಾನೆ ಎಂದುಕೊಂಡಿದ್ದಳು. ಎತ್ತಿದ ಅಂಗೈಗೆ ಅವಳಿಗೆ ಗೊತ್ತಿದ್ದದ್ದು ಅದೊಂದೇ ಅರ್ಥ.

ನಾನು ಆ ಕೈಯನ್ನು ಹಾಗೇ ಹಿಡಿದುಕೊಂಡು ಎಷ್ಟು ಹೊತ್ತು ನಿಂತೆನೋ. "ಅಪ್ಪ, ಹೊಡಿ" ಅಂದಳು, ಫೋಟೋ ತೆಗಿ ಎಂಬ ಅರ್ಥದಲ್ಲಿ. ನಾನು ಕೆಳಗೆ ಕೂತುಬಿಟ್ಟೆ. ಆ ದಿನದ ನಂತರ ನನ್ನ ಕೈ ಇಬ್ಬರ ಮೇಲೂ ಬಿದ್ದಿಲ್ಲ. ನಾಲಿಗೆ ಬಿದ್ದಿದೆ, ಅದನ್ನು ಮುಚ್ಚಿಡುವುದಿಲ್ಲ.

ಇದನ್ನು ಹೇಳಿದಾಗ ಸ್ಟುಡಿಯೋದವರು ಕೈಯಲ್ಲಿದ್ದ ಲೆನ್ಸನ್ನು ಒರೆಸಿ ಬೀರುವಿನಲ್ಲಿಟ್ಟರು. ಆಮೇಲೆ, "ಮುಂದಿನ ಭಾನುವಾರ ಮಕ್ಕಳನ್ನ ಕರ್ಕೊಂಡು ಬಾ" ಅಂದರು. ಪಾಠದ ಹೊತ್ತಿನಲ್ಲಿ ಮಾತ್ರ ನನ್ನನ್ನು ನೀನು ಅನ್ನುತ್ತಿದ್ದವರು ಈಗ ಉಳಿದ ಮಾತಿಗೂ ನೀನು ಅಂದಿದ್ದರು. ಕರೆದುಕೊಂಡು ಹೋದೆ. ಅವರು ತಮ್ಮ ಸ್ವಂತ ಕ್ಯಾಮೆರಾವನ್ನು ನನ್ನ ಮಗನ ಕೊರಳಿಗೆ ಹಾಕಿದರು, ಸ್ಟೂಲಿನ ಮೇಲೆ ತಾವು ಕೂತರು.

"ನನ್ನದೊಂದು ತೆಗಿಯಪ್ಪ. ನಿಮ್ಮಪ್ಪ ಮಾಡ್ತಾನಲ್ಲ, ಹಾಗೆ ಅಳತೆ ನೋಡು. ಹೆದರ್ಬೇಡ."

ಮಗ ನನ್ನ ಕಡೆ ನೋಡಿದ. ನಾನು ತಲೆಯಾಡಿಸಿದೆ. ಅವನು ಹತ್ತಿರ ಹೋಗಿ ತನ್ನ ಪುಟ್ಟ ಅಂಗೈಯನ್ನು ಅವರ ಮುಖದ ಪಕ್ಕಕ್ಕೆ ಎತ್ತಿದ, ಮುಳ್ಳು ಮಧ್ಯಕ್ಕೆ ತಂದ, ಒಂದು ಸ್ಟಾಪ್ ಬಿಟ್ಟ, ಕೈ ತೆಗೆದು ಹೊಡೆದ. ಪರದೆಯಲ್ಲಿ ಫೋಟೋ ನೋಡಿ ಅವರ ಮುಖದ ಬಣ್ಣ ಇಳಿಯಿತು. ಕಣ್ಣು ಅರ್ಧ ಮುಚ್ಚಿತ್ತು. ಬಲ ಭುಜ ಕಿವಿಯವರೆಗೆ ಬಂದಿತ್ತು. ಸ್ಟೂಲು ವಾಲಿರಬೇಕು ಎಂದುಕೊಂಡೆ ನಾನು.

"ಇನ್ನೊಂದು ತೆಗೀಲಾ ಅಜ್ಜ?" ಎಂದು ಕೇಳಿದ ಮಗ.

"ಬೇಡ. ಇದೇ ಇರ್ಲಿ" ಅಂದರು. ಆ ದಿನ ಮತ್ತೆ ಪಾಠ ಮಾಡಲಿಲ್ಲ. ಆ ಫೋಟೋವನ್ನು ನನಗೆ ಕೊಟ್ಟು ಕಳಿಸಿದರು.

ಇದಾಗಿ ವರ್ಷ ಕಳೆದಿರಬೇಕು, ಆನೆ ಅವರನ್ನು ತುಳಿಯಿತು. ಕಳಸದಿಂದ ಮಗಳು ಬಂದರು. ಮರಣೋತ್ತರ ಪರೀಕ್ಷೆ ಮುಗಿದು, ಹೊಲಿದು ಕಟ್ಟಿದ ದೇಹ ಸುಟ್ಟಾಯಿತು. ಹಾರ ಹಾಕಿ ಇಡಲು ಒಂದು ಫೋಟೋ ಬೇಕೆಂದು ಸ್ಟುಡಿಯೋ ಎಲ್ಲ ಹುಡುಕಿದೆವು. ಮೂರು ತಲೆಮಾರಿನ ಮದುಮಕ್ಕಳಿದ್ದರು, ಡಬ್ಬಗಳ ತುಂಬಾ ಹೆಣಗಳಿದ್ದವು. ಅವರದೇ ಒಂದು ಫೋಟೋ ಇರಲಿಲ್ಲ. ಆಗ ನಾನು ಮನೆಗೆ ಹೋಗಿ ಮಗ ತೆಗೆದದ್ದನ್ನು ತಂದೆ.

"ಇದೊಂದೇ ಇರೋದು ಮೇಡಂ. ಅಷ್ಟು ಚೆನ್ನಾಗಿ ಬಂದಿಲ್ಲ" ಅಂದೆ. ನಾನು ಅವರ ಎದುರು ನಿಂತಿದ್ದೆ. ಅವರು ಕೇಳಿಸಿಕೊಳ್ಳಲು ಮುಖವನ್ನು ಎಡಕ್ಕೆ ತಿರುಗಿಸಿ, ಬಲಗಿವಿಯನ್ನು ನನ್ನ ಕಡೆ ಮಾಡಿದರು. ನಲವತ್ತರ ಹತ್ತಿರದ ಹೆಂಗಸು, ಗಾಜಿನಲ್ಲಿದ್ದ ಅದೇ ಹುಡುಗಿ.

ಅವರು ಫೋಟೋವನ್ನು ಬೆಳಕಿಗೆ ಹಿಡಿದು ನೋಡಿದರು. ಬಹಳ ಹೊತ್ತು ನೋಡಿದರು. ಅಪ್ಪನ ಬಲ ಭುಜದ ಮೇಲೆ ಹೆಬ್ಬೆರಳಿಟ್ಟು ನಿಧಾನವಾಗಿ ಒರೆಸಿದರು, ಧೂಳಿದ್ದ ಹಾಗೆ.

"ಯಾರು ತೆಗ್ದಿದ್ದು?"

"ನನ್ನ ಮಗ. ಅಳತೆಗೆ ಅಂತ ಅಂಗೈ ಎತ್ತಿದ್ದ."

"ನಮ್ಮಜ್ಜ, ಅಪ್ಪನ ಅಪ್ಪ, ಎಡಚರು" ಅಂದರು ಅವರು.

ಅಷ್ಟೇ ಅಂದದ್ದು. ಅತ್ತದ್ದನ್ನು ನಾನು ನೋಡಲಿಲ್ಲ. ಆ ಫೋಟೋವನ್ನು ಹಾರದ ಹಿಂದೆ ಇಡಲು ಕೊಡದೆ ಸೀರೆಯ ಸೆರಗಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡರು. ಹೊರಡುವ ಮೊದಲು ಗಾಜಿನಲ್ಲಿದ್ದ ತಮ್ಮ ಫೋಟೋವನ್ನು ತಾವೇ ಬಿಚ್ಚಿ ತೆಗೆದರು.

ಮನೆಗೆ ಬಂದು ನಾನು ಮಕ್ಕಳಿಬ್ಬರನ್ನೂ ಕಣದಲ್ಲಿ ಜೊತೆಗೆ ನಿಲ್ಲಿಸಿದೆ. ಮಗನಿಗೆ ಮೊದಲೇ ಹೇಳಿದೆ, "ಕೈ ಎತ್ತೀನಿ ಮಗ, ಬರೀ ಬೆಳಕಿಗೆ." ಅವನು ಗೊತ್ತು ಅಂದ. ಎತ್ತಿದೆ, ಅಳೆದೆ, ತೆಗೆದೆ. ಫೋಟೋದಲ್ಲಿ ಅವನ ಕಣ್ಣು ತೆರೆದಿದೆ. ಎಡ ಭುಜ ಇನ್ನೂ ಎರಡು ಬೆರಳಿನಷ್ಟು ಮೇಲಿದೆ. ತಂಗಿಯ ಎರಡೂ ಭುಜ ಸಮ ಇವೆ.

ಅದನ್ನು ದೊಡ್ಡದು ಮಾಡಿಸಿ ಬಾಗಿಲಿಗೆ ಎದುರಾಗಿ ಹಾಕಿದ್ದೇನೆ. ಬಂದವರು ಕಾಫಿ ಕುಡಿಯುತ್ತಾ, ಹುಡುಗ ನಿಂತ ಭಂಗಿ ಚೆಂದ ಇದೆ ರೈಟ್ರೇ ಅನ್ನುತ್ತಾರೆ. ಅದು ಭಂಗಿ ಅಲ್ಲ, ನಾನು ಹೊಡೆದದ್ದು ಎಂದು ಅವರಿಗೆ ಹೇಳುತ್ತೇನೆ.